ಕೂತವನ ಕೋಟು

ಕನ್ನಡದ ಓದುಗರಿಗೆ ಶಿಕಾರಿ ಎಂದರೆ ಮೊದಲು ನೆನಪಾಗುವುದು ಕೆನೆತ್ ಆಂಡರ್ಸನ್, ಅವರ ಕತೆಗಳನ್ನು ಕನ್ನಡಕ್ಕೆ ಇಳಿಸಿದ ತೇಜಸ್ವಿ. ಅಟ್ಟಣೆ, ಕತ್ತಲು, ಸೊಳ್ಳೆ, ಕೆಳಗೆ ಒಣಗಿದೆಲೆಯ ಸದ್ದು. ತೊಟ್ಟ ಬಟ್ಟೆ ಅಲ್ಲಿ ಕತೆಯ ವಿಷಯವೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಲೋಕವೇ ಮುಗಿಯಿತು. ಅಮೆರಿಕದ ರಾಕಿ ಪರ್ವತಗಳಲ್ಲಿ ಮಾತ್ರ ಬೇಟೆ ಪರವಾನಗಿ ಮತ್ತು ಋತುವಿನ ಲೆಕ್ಕಾಚಾರದಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಬಟ್ಟೆಯೇ ಅರ್ಧ ಕತೆ.

ಕಾರಣ ಸರಳ. ಅಲ್ಲಿನ ಸಂರಕ್ಷಿತ ಕಾಡುಗಳಲ್ಲಿ 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಮೋಟಾರು ವಾಹನ ಹೋಗುವಂತಿಲ್ಲ. ಐಡಹೊ ರಾಜ್ಯದ ಫ್ರಾಂಕ್ ಚರ್ಚ್ ಅರಣ್ಯವೊಂದೇ ಎರಡು ಕೊಡಗು ಜಿಲ್ಲೆಗಳಿಗಿಂತ ದೊಡ್ಡದು. ಕುದುರೆ ಇಲ್ಲದವನು ವಾರದ ಊಟ, ಡೇರೆ, ಬಂದೂಕು ಎಲ್ಲವನ್ನೂ ಬೆನ್ನ ಮೇಲೆ ಹೊತ್ತೇ ನಡೆಯಬೇಕು. ನಮ್ಮ ಕಡವೆಯ ದಾಯಾದಿಯಾದ ಎಲ್ಕ್ ಸಿಕ್ಕಿತೆನ್ನಿ, ಮೂಳೆ ಬಿಡಿಸಿದ ಮಾಂಸವೇ 80 ಕಿಲೋ ದಾಟಬಹುದು; ಅದನ್ನೂ ಹೊರಬೇಕು. ಹಾಗಾಗಿ ಒಂದೊಂದು ಗ್ರಾಮಿಗೂ ಜಗಳ. ಹಗುರವಾದ, ಮುಷ್ಟಿಯಷ್ಟಕ್ಕೆ ಮುದುಡುವ, ಒಳಗೆ ತುಪ್ಪುಳ ತುಂಬಿದ ಜಾಕೆಟ್ಟಿನ ವ್ಯಾಪಾರ ಬೆಳೆದದ್ದು ಈ ಜಗಳದಿಂದ.

ಈ ಜಾಕೆಟ್ಟಿಗೆ ಇಬ್ಬರು ಹಿರಿಯರಿದ್ದಾರೆ. 1922ರ ಎವರೆಸ್ಟ್ ಯಾತ್ರೆಗೆ ರಸಾಯನಶಾಸ್ತ್ರಜ್ಞ ಜಾರ್ಜ್ ಫಿಂಚ್ ಬಲೂನಿನ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪುಳ ತುಂಬಿಸಿದ ಕೋಟು ಹೊಲಿಸಿಕೊಂಡು ಹೋದರು. ಉಣ್ಣೆ-ಟ್ವೀಡಿನ ಸಂಗಡಿಗರು ಮೊದಲು ನಕ್ಕರು, ಚಳಿ ಬಿದ್ದ ಮೇಲೆ ಕರುಬಿದರು. ಇನ್ನೊಬ್ಬರು ಸಿಯಾಟಲ್‌ನ ಕ್ರೀಡಾ ಸಾಮಗ್ರಿ ವ್ಯಾಪಾರಿ ಎಡ್ಡಿ ಬಾವರ್. 1935ರಲ್ಲಿ ಚಳಿಗಾಲದ ಮೀನುಬೇಟೆ ಮುಗಿಸಿ, ಮೀನಿನ ಮೂಟೆ ಹೊತ್ತು ಕಡಿದಾದ ದಾರಿ ಹತ್ತುವಾಗ ಅವರ ಉಣ್ಣೆ ಬಟ್ಟೆ ತೊಯ್ದು ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬಂತು. ಮರುವರ್ಷವೇ ‘ಸ್ಕೈಲೈನರ್’ ಎಂಬ ತುಪ್ಪುಳದ ಜಾಕೆಟ್ ಬಂತು. 1940ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ಬಾವರ್ ಕತೆಯನ್ನು ಎಲ್ಲರೂ ತುಪ್ಪುಳದ ಗೆಲುವಾಗಿ ಹೇಳುತ್ತಾರೆ. ಅದನ್ನು ಬೆವರಿನ ಕತೆಯಾಗಿ ಓದಿದರೆ ಹೆಚ್ಚು ಉಪಯೋಗ. ಹೊರೆ ಹೊತ್ತು ಹತ್ತುವ ಮೈ ಒಲೆಯ ಹಾಗೆ. ನಿಂತ ಹತ್ತು ನಿಮಿಷಕ್ಕೆ ಅದೇ ಮೈ ತಣ್ಣಗೆ. ಬೆವರೂ ನೀರೇ; ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬೇಟೆಗಾರನ ದಿನವನ್ನು ನೋಡಿ: ಬೆಳಗಿನ ಜಾವ ಎರಡು ತಾಸು ಹತ್ತುವುದು, ಆಮೇಲೆ ದಿಣ್ಣೆಯ ನೆತ್ತಿಯಲ್ಲಿ ಕೂತು ಎದುರಿನ ಇಳಿಜಾರನ್ನು ದುರ್ಬೀನಿನಲ್ಲಿ ಅಂಗುಲ ಅಂಗುಲವಾಗಿ ಜಾಲಾಡುವುದು, ಮೂರು ಸಾವಿರ ಮೀಟರ್ ಎತ್ತರದಲ್ಲಿ, ಗಾಳಿಗೆ ಮುಖ ಕೊಟ್ಟು. ಈ ಜಾಕೆಟ್ ಕೂತವನ ಕೋಟು. ನಡೆಯುವವನಿಗೆ ಅದು ವೈರಿ. ಜಾಹೀರಾತಿನಲ್ಲಿ ಮಾತ್ರ ಗಡ್ಡದ ಯುವಕನೊಬ್ಬ ಅದನ್ನೇ ತೊಟ್ಟು, ಬೆನ್ನಿಗೆ ಹೊರೆ ಕಟ್ಟಿ, ಹಿಮದಲ್ಲಿ ಏರು ಹತ್ತುತ್ತಿರುತ್ತಾನೆ. ಒಂದು ತಾಸಿನಲ್ಲಿ ಅವನ ಬೆನ್ನ ಕಡೆಯ ತುಪ್ಪುಳ ಬೆವರಿಗೆ ಮುದ್ದೆಯಾಗಿರುತ್ತದೆ, ಹೊರೆಯ ಪಟ್ಟಿಯಡಿ ಚಪ್ಪಟೆಯಾಗಿರುತ್ತದೆ.

ಇನ್ನು ಸಂಖ್ಯೆಗಳ ಮಾತು. ಅಂಗಡಿಯವರು ಹೆಮ್ಮೆಯಿಂದ ಹೇಳುವ ‘800 ಫಿಲ್’, ‘850 ಫಿಲ್’ ಎಂದರೆ ಒಂದು ಔನ್ಸ್ (28 ಗ್ರಾಂ) ತುಪ್ಪುಳ ಉಬ್ಬಿ ತುಂಬುವ ಜಾಗ, ಘನ ಅಂಗುಲಗಳಲ್ಲಿ. 800 ಎಂದರೆ ಸುಮಾರು 13 ಲೀಟರ್. ಇದು ತುಪ್ಪುಳದ ಜಾತಿ ಹೇಳುತ್ತದೆ, ಒಳಗೆ ಎಷ್ಟು ತುಂಬಿದ್ದಾರೆ ಎಂಬುದನ್ನಲ್ಲ. 850 ಫಿಲ್‌ನ ತುಪ್ಪುಳ 60 ಗ್ರಾಂ ಇರುವ ಜಾಕೆಟ್ಟಿಗಿಂತ 650 ಫಿಲ್‌ನದು 150 ಗ್ರಾಂ ಇರುವ ಜಾಕೆಟ್ಟಿನಲ್ಲಿ ಉಬ್ಬು ಹೆಚ್ಚುಕಡಿಮೆ ಎರಡು ಪಟ್ಟು. ಕೂತವನಿಗೆ ಬೇಕಾದದ್ದು ಆ ಉಬ್ಬು. ಆದರೆ ಜಾಕೆಟ್ಟಿನ ವಿವರಗಳ ಪಟ್ಟಿಯಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಫಿಲ್ ಮತ್ತು ಒಟ್ಟು ತೂಕ. ತುಂಬಿದ ತುಪ್ಪುಳದ ತೂಕವನ್ನು ಹುಡುಕಬೇಕು, ಎಷ್ಟೋ ಸಲ ಸಿಗುವುದೂ ಇಲ್ಲ. ಇದನ್ನು ಮರೆವು ಎಂದು ನಂಬುವುದು ಕಷ್ಟ.

ಬಟ್ಟೆಯದೂ ಇದೇ ಹಾಡು. ಹತ್ತು ಡೀನಿಯರ್ ನೂಲು ಎಂದರೆ ಒಂಬತ್ತು ಕಿಲೋಮೀಟರ್ ಉದ್ದಕ್ಕೆ ಹತ್ತೇ ಗ್ರಾಂ. ಅಂಗೈ ಮೇಲಿಟ್ಟರೆ ಈರುಳ್ಳಿ ಸಿಪ್ಪೆಯಂತಿರುತ್ತದೆ. ಒಣಗಿದ ಕೊಂಬೆಯೊಂದು ಗೀರಿದರೆ ಸಾಕು, ತುಪ್ಪುಳ ಹಾರಲು ಶುರು. ಹಳೆಯ ಬೇಟೆಗಾರರ ತೋಳುಗಳಲ್ಲಿ ಅಂಟುಪಟ್ಟಿಯ ತೇಪೆ ಎದ್ದು ಕಾಣುವುದು ಅದಕ್ಕೇ. ಡೇರೆಯ ಒಲೆಯಿಂದ ಹಾರಿದ ಕಿಡಿ ತಗುಲಿದರೆ ನೈಲಾನ್ ಕರಗಿ ತೂತು. ಅದೇ ಸಿಯಾಟಲ್‌ನಲ್ಲಿ ಫಿಲ್ಸನ್ ಕಂಪನಿ 1914ರಲ್ಲಿ ಪೇಟೆಂಟ್ ಪಡೆದ ‘ಕ್ರೂಸರ್’ ಉಣ್ಣೆ ಕೋಟಿಗೆ ಕಿಡಿಯೂ ಲೆಕ್ಕಕ್ಕಿಲ್ಲ, ಮುಳ್ಳೂ ಲೆಕ್ಕಕ್ಕಿಲ್ಲ. ಅದರ ಬಟ್ಟೆಯೇ ಗಜಕ್ಕೆ 24 ಔನ್ಸ್, ಅಂದರೆ 680 ಗ್ರಾಂ! ಪೆಟಗೋನಿಯಾ ಕಂಪನಿಯ ‘ನ್ಯಾನೊ ಪಫ್’ ಪೂರಾ ಜಾಕೆಟ್ ತೂಗುವುದೇ ಸುಮಾರು 340 ಗ್ರಾಂ. ಗೆದ್ದದ್ದು ಯಾರೆಂದು ಹೇಳಬೇಕಿಲ್ಲ, ಆದರೆ ಉಣ್ಣೆಗೆ ಇದ್ದ ಒಂದು ಗುಣ ಈ ಓಟದಲ್ಲಿ ಕಳೆದುಹೋಯಿತು: ಮೌನ.

ಚಾರಣಿಗನಿಗೆ ಸದ್ದು ಲೆಕ್ಕಕ್ಕಿಲ್ಲ. ಬಿಲ್ಲು ಹಿಡಿದು ಮೂವತ್ತು-ನಲವತ್ತು ಮೀಟರ್ ಹತ್ತಿರಕ್ಕೆ ಹೋಗಬೇಕಾದವನಿಗೆ ಅದು ಸರ್ವಸ್ವ. ತೆಳು ನೈಲಾನ್ ತೋಳು ಪಕ್ಕೆಗೆ ಉಜ್ಜಿದರೆ ಚಿಪ್ಸ್ ಪೊಟ್ಟಣ ಮುದುರಿದಂಥ ಸರಸರ. ಟೋಪಿ ಏರಿಸಿದರೆ ಆ ಸದ್ದು ತನ್ನ ಕಿವಿಯಲ್ಲೇ ತುಂಬಿ, ಕಾಡಿನ ಸದ್ದು ಕೇಳಿಸದು. ಬಿಲ್ಲು ಎಳೆದು ಬಿಡುವಾಗ ಉಬ್ಬಿದ ತೋಳು ಹೆದೆಗೆ ತಾಗುತ್ತದೆ. ಎದೆಯ ಮೇಲೆ ಕಟ್ಟಿಕೊಂಡ ದುರ್ಬೀನಿನ ಚೀಲವೊಂದು ಬೇರೆ: ಜಾಕೆಟ್ ಅದರ ಮೇಲಿಂದ ಹಾಕಿಕೊಳ್ಳುವಷ್ಟು ದೊಗಲೆಯಾಗಿರದಿದ್ದರೆ ಪ್ರತಿ ಸಲವೂ ಪಟ್ಟಿ ಬಿಚ್ಚಬೇಕು. ಗ್ರಾಮಿನ ಲೆಕ್ಕ ಒಪ್ಪಿಸುವ ಕಂಪನಿಗಳು ಈ ಸಣ್ಣ ತಾಪತ್ರಯಗಳ ಬಗ್ಗೆ ಬಾಯಿ ಬಿಡುವುದು ಕಡಿಮೆ.

ಕಾಡಿನೊಳಗೆ ಮರೆಯಾಗಿಸುವ ಬಣ್ಣದ ಚಿತ್ತಾರಕ್ಕೆ ಮಾತ್ರ ಬಾಯಿ ತುಂಬ ಮಾತು. ಬೇಟೆಯ ಉಡುಪನ್ನು ಪರ್ವತಾರೋಹಿಗಳ ಮಟ್ಟಕ್ಕೆ ಏರಿಸಿದ ಶ್ರೇಯಸ್ಸು ಸಿಟ್ಕಾ ಕಂಪನಿಗೆ ಸಲ್ಲಬೇಕು. 2009ರಲ್ಲಿ ಗೋರ್‌ಟೆಕ್ಸ್ ಖ್ಯಾತಿಯ ಗೋರ್ ಅದನ್ನು ಕೊಂಡಿತು. ಅದರ ಸಹಸ್ಥಾಪಕ ಜೇಸನ್ ಹೇರ್‌ಸ್ಟನ್ ಆಮೇಲೆ ಅಲಾಸ್ಕದ ದ್ವೀಪವೊಂದರ ಹೆಸರಿನಲ್ಲಿ ‘ಕುಯು’ ಕಟ್ಟಿದರು. ಎರಡೂ ಕಂಪನಿಗಳ ಜಾಕೆಟ್ಟುಗಳ ಮೇಲೆ ತಮ್ಮದೇ ಚಿತ್ತಾರ. ಆದರೆ ಕೊಲರಾಡೊದಲ್ಲಿ ಬಂದೂಕಿನ ಋತುವಿನಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲ ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು. ಅಂದರೆ ದುಬಾರಿ ಚಿತ್ತಾರದ ಮೇಲೆ ಅಗ್ಗದ ಕಿತ್ತಳೆ ಅಂಗಿ! ಪ್ರಾಣಿಗೆ ಇದರಿಂದ ಹೆಚ್ಚಿನ ವ್ಯತ್ಯಾಸವೂ ಇಲ್ಲ. ಜಿಂಕೆ ಜಾತಿಯ ಕಣ್ಣಿಗೆ ಕೆಂಪು-ಕಿತ್ತಳೆ ನಮಗೆ ಕಂಡಂತೆ ಕಾಣದು. ನೀಲಿಯೇ ಎದ್ದು ಕಾಣುವುದು. ಕಂದು ಬಣ್ಣದ ಸಾದಾ ಜಾಕೆಟ್ ಸಾಕು.

ಹಾಗಾದರೆ ತುಪ್ಪುಳವೋ, ಕೃತಕ ನಾರೋ? ಅಮೆರಿಕದ ಸೇನೆಗಾಗಿ 1980ರ ದಶಕದಲ್ಲಿ ಹುಟ್ಟಿದ ಪ್ರೈಮಾಲಾಫ್ಟ್ ನಾರು ಒದ್ದೆಯಾದರೂ ಪೂರ್ತಿ ಕುಸಿಯುವುದಿಲ್ಲ. ತುಪ್ಪುಳ ತೊಯ್ದರೆ ಒದ್ದೆ ಹತ್ತಿಯೇ. ನೀರು ಹಿಡಿಯದಂತೆ ಸಂಸ್ಕರಿಸಿದ ತುಪ್ಪುಳ ಬಂದಿದೆ, ತುಂತುರಿಗೆ ತಾಳುತ್ತದೆ, ಮಳೆಗೆ ಸೋಲುತ್ತದೆ. ಇತ್ತ ನಾರಿಗೂ ಒಂದು ಮುಪ್ಪಿದೆ: ಚೀಲಕ್ಕೆ ತುರುಕಿ ತೆಗೆದು ಮಾಡುತ್ತಿದ್ದರೆ ಕೆಲವೇ ಋತುಗಳಲ್ಲಿ ಉಬ್ಬು ಇಳಿಯುತ್ತದೆ. ಜತನದಿಂದ ನೋಡಿಕೊಂಡ ತುಪ್ಪುಳ ಅದಕ್ಕಿಂತ ಬಹಳ ಕಾಲ ಬಾಳುತ್ತದೆ. ಅಮೆರಿಕದ ವಿಶೇಷ ಪಡೆಗಳಿಗಾಗಿ ಮಾಡಿದ ಪೋಲಾರ್‌ಟೆಕ್ ಆಲ್ಫಾದಂಥ ಗಾಳಿಯಾಡುವ ನಾರು ಮೂರನೆಯ ದಾರಿ. ನಡೆಯುವಾಗಲೂ ಬಿಚ್ಚಬೇಕಿಲ್ಲ, ಆದರೆ ಗಾಳಿಗೆ ಕೂತರೆ ಶಾಖ ಸೋರುತ್ತದೆ.

ಕೊಲರಾಡೊದ ಒಣ ಚಳಿಗೆ, ಕೂತು ನೋಡುವ ಹೊತ್ತಿಗೆ, ತುಪ್ಪುಳದಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಳೆ ಬಿಡದ ವಾಷಿಂಗ್ಟನ್, ಅಲಾಸ್ಕದ ಕರಾವಳಿಗೆ ನಾರೇ ಸರಿ. ಬಿಲ್ಲಿನವನು ಎರಡನ್ನೂ ಚೀಲದಲ್ಲಿಟ್ಟು, ಉಜ್ಜಿದರೆ ಸದ್ದಾಗದ ಉಣ್ಣೆಯನ್ನೋ ಫ್ಲೀಸನ್ನೋ ಮೇಲೆ ಹಾಕಿಕೊಂಡರೆ ಕ್ಷೇಮ. ಅತ್ಯಂತ ಹಗುರ ಎಂದು ಮೆರೆಯುವ ಜಾಕೆಟ್ಟುಗಳು ತಮ್ಮ ಕೆಲಸಕ್ಕೇ ಸಾಲದಷ್ಟು ತೆಳುವಾಗಿವೆ. ನೂರು ಗ್ರಾಂ ಹೆಚ್ಚು ಹೊತ್ತವನೇ ಜಾಣ.

ಬೇಟೆಗೆ ಹೋಗದ ಕನ್ನಡಿಗರಿಗೂ ಈ ಮಾತು ಹೊರತಲ್ಲ. ಇದೇ ಜಾಕೆಟ್ಟಿನ ಸೋದರರನ್ನು ತೊಟ್ಟು ಪ್ರತಿವರ್ಷ ಕರ್ನಾಟಕದವರು ಹಿಮಾಲಯ ಹತ್ತುತ್ತಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಹವೆ ಕೆಟ್ಟು ಕರ್ನಾಟಕದ ಚಾರಣ ತಂಡದ 9 ಮಂದಿ ತೀರಿಕೊಂಡರು. ಬೇಸಿಗೆಯಲ್ಲೂ ಆ ಎತ್ತರದ ಚಳಿ ಸಲೀಸಲ್ಲ. ಅಂಗಡಿಗೆ ಹೋದಾಗ ಫಿಲ್ ಸಂಖ್ಯೆ ಕೇಳಿ ತಲೆಯಾಡಿಸಿ ಬರಬೇಡಿ. ಒಳಗೆ ಎಷ್ಟು ಗ್ರಾಂ ತುಪ್ಪುಳ ತುಂಬಿದೆ ಎಂದು ಕೇಳಿ. ಉತ್ತರ ಬರದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಕೊಂಡ ಮೇಲೆ, ಹತ್ತುವಾಗ ಅದನ್ನು ಚೀಲದಲ್ಲೇ ಇಡಿ.