ಹಾಡಿನ ಕೆಳಗೆ ಯಾರ ಹೆಸರು?

‘ದ ಬ್ಯಾಂಡ್’ ಎಂದರೆ ವಾದ್ಯತಂಡ, ಅಷ್ಟೇ. ಮಗುವಿಗೆ ‘ಮಗು’ ಎಂದೇ ಹೆಸರಿಟ್ಟ ಹಾಗೆ. ಹೆಸರು ಹುಡುಕಲು ಪುರುಸೊತ್ತು ಇರಲಿಲ್ಲವೋ ಏನೋ ಎಂದು ಮೊದಲಿಗೆ ಅನ್ನಿಸುತ್ತದೆ. ಸಂಗತಿ ಹಾಗಲ್ಲ. ಈ ಐದು ಮಂದಿ ಬಾಬ್ ಡಿಲನ್ ಜತೆ ನುಡಿಸುತ್ತಾ ಅಮೆರಿಕದ ವುಡ್‌ಸ್ಟಾಕ್ ಊರಿನ ಸುತ್ತ ಮನೆ ಮಾಡಿಕೊಂಡಿದ್ದಾಗ ನೆರೆಕರೆಯವರು ಇವರನ್ನು ‘ಆ ಬ್ಯಾಂಡಿನವರು’ ಎಂದೇ ಕರೆಯುತ್ತಿದ್ದರು. ಅದೇ ಹೆಸರಾಗಿ ನಿಂತಿತು. ಒಬ್ಬನ ಹೆಸರೂ ಮುಂದೆ ಬಾರದ ಹೆಸರು. ಕೊನೆಗೆ ಇವರು ಜಗಳ ಮಾಡಿದ್ದು ಮಾತ್ರ ಯಾರ ಹೆಸರು ಎಲ್ಲಿ ಬರಬೇಕು ಎಂಬುದರ ಮೇಲೆ.

ನಮ್ಮ ವಾಚನಾಲಯದಲ್ಲಿ ಇವರ ಹಾಡು ಕೇಳುವವರು ನಾಲ್ಕೈದು ಮಂದಿ ಇದ್ದೇವೆ. ಕೇಳಿ ಮುಗಿದ ಮೇಲೆ ಚರ್ಚೆ ಎಲ್ಲಿಂದ ಸುರುವಾದರೂ ಈ ಜಗಳಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಐವರ ಪರಿಚಯ ಆಗಲಿ. ಗಿಟಾರಿನ ರಾಬಿ ರಾಬರ್ಟ್‌ಸನ್, ಬೇಸ್ ಗಿಟಾರಿನ ರಿಕ್ ಡ್ಯಾಂಕೊ, ಪಿಯಾನೋದ ರಿಚರ್ಡ್ ಮ್ಯಾನ್ಯುಯೆಲ್, ಆರ್ಗನ್‌ನ ಗಾರ್ಥ್ ಹಡ್ಸನ್, ಈ ನಾಲ್ವರು ಕೆನಡಾದವರು. ಡ್ರಮ್ಮಿನ ಲೀವಾನ್ ಹೆಲ್ಮ್ ಒಬ್ಬರೇ ಅಮೆರಿಕದ ದಕ್ಷಿಣದವರು, ಆರ್ಕನ್ಸಾ ರಾಜ್ಯದ ಹತ್ತಿ ಬೆಳೆಯುವ ರೈತನ ಮಗ. ಹಡ್ಸನ್ ಶಾಸ್ತ್ರೀಯ ಸಂಗೀತ ಕಲಿತವರು. ಮಗ ರಾಕ್ ತಂಡಕ್ಕೆ ಸೇರಿದ ಎಂದರೆ ಮನೆಯವರಿಗೆ ಬೇಸರ ಆದೀತು ಎಂದು ಉಳಿದವರು ವಾರಕ್ಕೆ ತಲಾ 10 ಡಾಲರ್ ಕೊಟ್ಟು ಅವರನ್ನು ‘ಸಂಗೀತ ಮಾಷ್ಟ್ರು’ ಮಾಡಿಕೊಂಡರಂತೆ. ಹಾಡುವವರು ಮೂವರು: ಹೆಲ್ಮ್, ಡ್ಯಾಂಕೊ, ಮ್ಯಾನ್ಯುಯೆಲ್. ರಾಬರ್ಟ್‌ಸನ್ ಹಾಡಿದ್ದು ಬಹಳ ಕಡಿಮೆ. ಆದರೆ ಹೆಚ್ಚಿನ ಹಾಡು ಬರೆದವರು ಎಂದು ಹೆಸರಿರುವುದು ಅವರದೇ.

ತಂಡದ ಮೊದಲ ರೆಕಾರ್ಡು 1968ರಲ್ಲಿ ಬಂತು. 1969ರಲ್ಲಿ ಬಂದ ಎರಡನೆಯದಕ್ಕೂ ‘ದ ಬ್ಯಾಂಡ್’ ಎಂದೇ ಹೆಸರು. ಅದರಲ್ಲಿ 12 ಹಾಡು ಉಂಟು, ಹನ್ನೆರಡರಲ್ಲೂ ರಾಬರ್ಟ್‌ಸನ್ ಹೆಸರುಂಟು. ಎಂಟು ಹಾಡಿಗೆ ಅವರದೊಂದೇ ಹೆಸರು. ಮೂರರಲ್ಲಿ ಮ್ಯಾನ್ಯುಯೆಲ್, ಒಂದರಲ್ಲಿ ಹೆಲ್ಮ್ ಜತೆಗಿದ್ದಾರೆ. ಡ್ಯಾಂಕೊ ಮತ್ತು ಹಡ್ಸನ್ ಹೆಸರು ಒಂದರಲ್ಲೂ ಇಲ್ಲ.

ಹೆಸರು ಇದ್ದರೆಂತ, ಇಲ್ಲದಿದ್ದರೆಂತ ಎಂದು ಕೇಳಬೇಡಿ. ಅಲ್ಲಿನ ವ್ಯವಹಾರದಲ್ಲಿ ಹಾಡು ಬೇರೆ, ಆ ಹಾಡಿನ ಧ್ವನಿಮುದ್ರಣ ಬೇರೆ. ಹಾಡು ಎಂದರೆ ಸಾಹಿತ್ಯ ಮತ್ತು ಧಾಟಿ. ಬೇರೆ ಯಾರು ಆ ಹಾಡನ್ನು ಹಾಡಿ ಮಾರಿದರೂ ಬರೆದವನಿಗೆ ರಾಯಲ್ಟಿ ಹೋಗುತ್ತದೆ. ಮೊದಲು ಅದಕ್ಕೆ ಡ್ರಮ್ ಬಾರಿಸಿದವನಿಗೆ, ಬೇಸ್ ಹಿಡಿದವನಿಗೆ ಆ ಹಣದಲ್ಲಿ ಪಾಲಿಲ್ಲ. ಇದು ವರ್ಷಗಟ್ಟಲೆ, ಸತ್ತ ಮೇಲೂ ಬರುವ ಹಣ, ತೋಟದ ಫಸಲಿನ ಹಾಗೆ. 1993ರಲ್ಲಿ ಹೆಲ್ಮ್ ತಮ್ಮ ಆತ್ಮಕಥೆಯಲ್ಲಿ ಈ ವಿಷಯ ಎತ್ತಿದರು. ಹಾಡುಗಳು ಎಲ್ಲರೂ ಕೂತು ಮಾಡಿದವು, ಹೆಸರು ಮಾತ್ರ ಒಬ್ಬರದ್ದಾಯಿತು ಎಂಬುದು ಅವರ ದೂರು. ರಾಬರ್ಟ್‌ಸನ್ ಒಪ್ಪಲಿಲ್ಲ. ಕೂತು ಬರೆದವನು ನಾನು, ಬರೆಯಿರಿ ಎಂದು ಉಳಿದವರಿಗೂ ಹೇಳುತ್ತಿದ್ದೆ ಎಂಬುದು ಅವರ ಉತ್ತರ.

ಇಬ್ಬರೂ ಈಗ ಇಲ್ಲ. ನಮ್ಮ ಕೈಯಲ್ಲಿ ಇರುವುದು ಹಾಡುಗಳು ಮಾತ್ರ. ಅವುಗಳನ್ನೇ ಸಾಕ್ಷಿ ಕರೆಯುವ.

‘ದ ವೇಟ್’ ಎಂಬ ಹಾಡು ತೆಗೆದುಕೊಳ್ಳಿ. ದಣಿದ ಪ್ರಯಾಣಿಕನೊಬ್ಬ ನಜರೆತ್ ಎಂಬ ಊರಿಗೆ ಬರುತ್ತಾನೆ. ಮಲಗಲು ಜಾಗ ಸಿಕ್ಕುವುದಿಲ್ಲ. ಗೆಳತಿಯೊಬ್ಬಳು ಹೇಳಿ ಕಳಿಸಿದ ನಮಸ್ಕಾರ ಮುಟ್ಟಿಸಲು ಹೋದಲ್ಲೆಲ್ಲ ಒಬ್ಬೊಬ್ಬರೂ ಒಂದೊಂದು ಭಾರವನ್ನು ಅವನ ತಲೆ ಮೇಲೆ ಹೊರಿಸುತ್ತಾರೆ. ಕತೆ ಕಟ್ಟಿದ್ದು ರಾಬರ್ಟ್‌ಸನ್. ಊರಿನ ಹೆಸರು ಬಂದದ್ದು ಅವರ ಗಿಟಾರಿನ ಹೊಟ್ಟೆಯೊಳಗಿಂದ. ಮಾರ್ಟಿನ್ ಕಂಪೆನಿಯ ಗಿಟಾರ್ ತಯಾರಾಗುವುದು ಪೆನ್ಸಿಲ್ವೇನಿಯಾದ ನಜರೆತ್‌ನಲ್ಲಿ, ಅದನ್ನು ಒಳಗೆ ಬರೆದಿರುತ್ತಾರೆ. ಆದರೆ ಆ ಊರಿನಲ್ಲಿ ಎದುರಾಗುವ ಜನ ಎಲ್ಲಿಂದ ಬಂದರು? ಹೆಲ್ಮ್ ಹೇಳುವ ಪ್ರಕಾರ, ಅವರಲ್ಲಿ ಆರ್ಕನ್ಸಾದಲ್ಲಿ ತನ್ನ ಊರಿನ ಹೆಂಗಸೂ ಒಬ್ಬರಿದ್ದಾರೆ. ಹಾಡುವ ಕ್ರಮವನ್ನೂ ನೋಡಿ. ಮೊದಲ ಮೂರು ಚರಣ ಹೆಲ್ಮ್, ನಾಲ್ಕನೆಯದು ಡ್ಯಾಂಕೊ. ಪಲ್ಲವಿಯ ಕೊನೆಗೆ ಮೂರು ಸ್ವರಗಳು ಒಟ್ಟಿಗೆ ಬೀಳುವುದಿಲ್ಲ, ಒಂದರ ಹಿಂದೆ ಒಂದು ಬರುತ್ತವೆ. ಭಾರವನ್ನು ಒಬ್ಬ ಮತ್ತೊಬ್ಬನ ಹೆಗಲಿಗೆ ದಾಟಿಸಿದ ಹಾಗೆ ಕೇಳಿಸುತ್ತದೆ. ಹಾಡಿನ ಅರ್ಥವೇ ಅಲ್ಲಿದೆ. ಅದು ಕಾಗದದಲ್ಲಿ ಬರೆದ ಸಾಲಿನಲ್ಲಿ ಇಲ್ಲ, ಹಾಡಿದ ರೀತಿಯಲ್ಲಿ ಉಂಟು.

‘ರ್‍ಯಾಗ್ ಮಾಮಾ ರ್‍ಯಾಗ್’ ಇನ್ನೂ ತಮಾಷೆ. ಅದರಲ್ಲಿ ಎಲ್ಲರೂ ಜಾಗ ಬದಲಾಯಿಸಿದ್ದಾರೆ. ಡ್ರಮ್ಮಿನವರು ಮ್ಯಾಂಡೊಲಿನ್ ಹಿಡಿದರು, ಪಿಯಾನೋದವರು ಡ್ರಮ್ಮಿಗೆ ಬಂದರು, ಬೇಸ್‌ನವರು ಪಿಟೀಲು ಎತ್ತಿದರು, ಆರ್ಗನ್‌ನವರು ಪಿಯಾನೋದಲ್ಲಿ ಕೂತರು. ಬೇಸ್ ಬಾರಿಸಲು ಜನ ಇಲ್ಲ ಎಂದಾಗ ರೆಕಾರ್ಡಿನ ನಿರ್ಮಾಪಕ ಜಾನ್ ಸೈಮನ್ ಟ್ಯೂಬಾ ಎಂಬ ದೊಡ್ಡ ಕೊಳವೆ ವಾದ್ಯವನ್ನು ಊದಿದರು. ಹಾಡಿನ ಕೆಳಗೆ ಇರುವುದು ರಾಬರ್ಟ್‌ಸನ್ ಹೆಸರು ಮಾತ್ರ. ಆದರೆ ಆ ಜಾತ್ರೆಯ ಗೌಜಿಯನ್ನು ತೆಗೆದರೆ ಅಲ್ಲಿ ಎಂತ ಉಳಿಯುತ್ತದೆ? ತೀರ ಸಣ್ಣ ಹಾಡು ಉಳಿಯುತ್ತದೆ ಎಂದು ನನ್ನ ಅಭಿಪ್ರಾಯ.

‘ಅಪ್ ಆನ್ ಕ್ರಿಪಲ್ ಕ್ರೀಕ್’ ಕೇಳುವಾಗ ನಮ್ಮೂರಿನ ಚೆಂಡೆಯವರೊಬ್ಬರು ಥಟ್ಟನೆ, “ಇದೆಂತ ಮಾರಾಯ್ರೆ, ಮೋರ್ಸಿಂಗ್ ಅಲ್ವಾ?” ಎಂದು ಕೇಳಿದರು. ಕಿವಿ ಅಂದರೆ ಅದು. ಮೋರ್ಸಿಂಗ್ ಅಲ್ಲ, ಆದರೆ ಅಂಥದೇ ಸದ್ದು ಬರುವ ಹಾಗೆ ಹಡ್ಸನ್ ಕ್ಲಾವಿನೆಟ್ ಎಂಬ ಕೀಬೋರ್ಡಿಗೆ ‘ವಾ-ವಾ’ ಪೆಡಲ್ ಸೇರಿಸಿ ನುಡಿಸಿದ್ದಾರೆ. ಆ ಹಾಡು ಜಗತ್ತಿನ ನೆನಪಿನಲ್ಲಿ ಉಳಿದದ್ದರಲ್ಲಿ ಆ ಸದ್ದಿಗೆ ಪಾಲಿಲ್ಲವೇ? ಇನ್ನು ಹೆಲ್ಮ್ ಅವರ ಡ್ರಮ್. ಕೈ ಬಾರಿಸುತ್ತಾ ಇರುತ್ತದೆ, ಬಾಯಿ ಹಾಡುತ್ತಾ ಇರುತ್ತದೆ. ಪೆಟ್ಟು ತಾಳಕ್ಕೆ ಒಂದು ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ತಪ್ಪಿದ್ದಲ್ಲ, ತಡೆದದ್ದು. ಚೆಂಡೆಯವರು ಅದಕ್ಕೆ ತಲೆಯಾಡಿಸಿದರು.

ಇಷ್ಟು ಹೇಳಿದ ಮೇಲೆ ನಾನು ಪೂರ್ತಿ ಹೆಲ್ಮ್ ಪಕ್ಷ ಎಂದು ತಿಳಿಯಬೇಡಿ. ಎದುರು ಪಕ್ಷಕ್ಕೂ ಗಟ್ಟಿ ಸಾಕ್ಷಿ ಉಂಟು. ಅದು ‘ದ ನೈಟ್ ದೇ ಡ್ರೋವ್ ಓಲ್ಡ್ ಡಿಕ್ಸಿ ಡೌನ್’. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯುವ ಹೊತ್ತಿನಲ್ಲಿ ಸೋತ ದಕ್ಷಿಣದ ಒಬ್ಬ ಬಡ ಬಿಳಿಯ ಹೇಳುವ ಕತೆ. ಬರೆದದ್ದು ಕೆನಡಾದವರು! ಚರಿತ್ರೆ, ಭೂಗೋಳ ತಿಳಿಯಲಿ ಎಂದು ರಾಬರ್ಟ್‌ಸನ್ನರನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದದ್ದು ತಾನು ಎಂದು ಹೆಲ್ಮ್ ಬರೆದಿದ್ದಾರೆ. ಹಾಡಿದ್ದೂ ಅವರೇ, ತಮ್ಮ ಸೀಮೆಯ ನಾಲಗೆಯಲ್ಲಿ. ಈಗ ಪರೀಕ್ಷೆ ಮಾಡುವ. 1971ರಲ್ಲಿ ಜೋನ್ ಬಾಯೆಜ್ ಇದೇ ಹಾಡನ್ನು ಹಾಡಿದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 3ನೇ ಸ್ಥಾನಕ್ಕೆ ಏರಿತು. ರೆಕಾರ್ಡು ಕೇಳಿಯೇ ಕಲಿತದ್ದರಿಂದ ಕೆಲವು ಮಾತು ಅವರ ಬಾಯಲ್ಲಿ ಬದಲಾಗಿ, ಒಬ್ಬ ಸೇನಾಧಿಪತಿಯ ಹೆಸರೇ ಮಾಯವಾಯಿತು. ಹೆಲ್ಮ್ ಇಲ್ಲ, ಹಡ್ಸನ್ ಇಲ್ಲ, ಮಾತೂ ಪೂರ್ತಿ ಸರಿ ಇಲ್ಲ. ಆದರೂ ಹಾಡು ಜನರ ಮನಸ್ಸಿಗೆ ಹೋಯಿತು. ಸಾಹಿತ್ಯಕ್ಕೂ ಧಾಟಿಗೂ ತನ್ನ ಕಾಲಲ್ಲೇ ನಿಲ್ಲುವ ಶಕ್ತಿ ಇತ್ತು ಎಂದಲ್ಲವೇ ಇದರ ಅರ್ಥ? ಆ ಶಕ್ತಿ ರಾಬರ್ಟ್‌ಸನ್ನರದ್ದು, ಅದನ್ನು ಕಸಿಯಬಾರದು.

ಆದರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಬಾಯೆಜ್ ಹಾಡಿದ್ದು ಎಲ್ಲರೂ ಕೈ ತಟ್ಟಿ ಕೂಡಿ ಹಾಡುವ ಸಂತೋಷದ ಹಾಡಿನ ಹಾಗೆ ಕೇಳಿಸುತ್ತದೆ. ಹೆಲ್ಮ್ ಹಾಡಿದ್ದು ಸೂತಕದ ಮನೆಯಿಂದ ಬಂದ ಹಾಗೆ. ಮಾತು ಹೆಚ್ಚುಕಡಿಮೆ ಅದೇ, ದುಃಖ ಮಾತ್ರ ಇಲ್ಲ.

ಈ ಹಾಡಿನ ಒಂದು ಕೊರತೆಯನ್ನೂ ಹೇಳಬೇಕು. ಬಡ ಬಿಳಿಯನ ಹಸಿವು ಇದರಲ್ಲುಂಟು. ಅದೇ ನೆಲದಲ್ಲಿ ಗುಲಾಮರಾಗಿದ್ದ ಕಪ್ಪು ಜನರ ಸುದ್ದಿಯೇ ಇಲ್ಲ. ಅವರ ಪಾಲಿಗೆ ಆ ಸೋಲು ಬಿಡುಗಡೆಯಾಗಿತ್ತು. ಹಾಡು ಎಷ್ಟು ಚಂದ ಇದ್ದರೂ ಈ ಮೌನ ಮೌನವೇ. ಹೆಸರಿನಲ್ಲಿ ಪಾಲು ಬೇಕೆನ್ನುವವರು ಇದರಲ್ಲೂ ಪಾಲು ಹೊರಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ‘ಕಿಂಗ್ ಹಾರ್ವೆಸ್ಟ್’. ಅದು ರೈತನ ಹಾಡು. ಬೆಳೆ ಹೋಯಿತು, ಕೊಟ್ಟಿಗೆ ಸುಟ್ಟುಹೋಯಿತು, ಕುದುರೆಗೆ ಹುಚ್ಚು ಹಿಡಿಯಿತು. ಇನ್ನು ಸಂಘವೇ ಗತಿ ಎಂದು ನಂಬಿದವನ ಮಾತು. ಸಾಧಾರಣವಾಗಿ ಹಾಡಿನಲ್ಲಿ ಚರಣ ಮೆಲ್ಲಗೆ, ಪಲ್ಲವಿ ಜೋರು. ಇಲ್ಲಿ ತಿರುಗಾಮುರುಗ. ಚರಣದಲ್ಲಿ ಮ್ಯಾನ್ಯುಯೆಲ್ ಗೋಗರೆಯುತ್ತಾರೆ, ಪಲ್ಲವಿ ಬಂದಾಗ ಎಲ್ಲ ತಗ್ಗುತ್ತದೆ, ಗಾಳಿ ಬೀಸುವ ಗದ್ದೆಯ ಬದುವಿನಲ್ಲಿ ನಿಂತ ಹಾಗೆ. ಬರೆದದ್ದು ರಾಬರ್ಟ್‌ಸನ್, ಕೊನೆಯ ಗಿಟಾರೂ ಅವರದೇ. ಗೋಗರೆಯುವ ಆ ಸ್ವರ ಮಾತ್ರ ಮ್ಯಾನ್ಯುಯೆಲ್ ಅವರದ್ದು. ಅದಿಲ್ಲದೆ ರೈತ ಕಾಗದದಿಂದ ಏಳುವುದಿಲ್ಲ.

1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇವರು ಬೀಳ್ಕೊಡುವ ಕಚೇರಿ ಮಾಡಿದರು. ಮಾರ್ಟಿನ್ ಸ್ಕಾರ್ಸೆಸಿ ಅದನ್ನು ‘ದ ಲಾಸ್ಟ್ ವಾಲ್ಟ್ಜ್’ ಎಂಬ ಸಿನೆಮಾ ಮಾಡಿದರು. ಆಮೇಲಿನದ್ದೇ ದೊಡ್ಡ ಸಾಕ್ಷಿ. ಉಳಿದವರು 1983ರಲ್ಲಿ ರಾಬರ್ಟ್‌ಸನ್ ಇಲ್ಲದೆ ಮತ್ತೆ ಕೂಡಿದರು. ಸ್ವರ ಇತ್ತು, ಕೈಚಳಕ ಇತ್ತು, ಆದರೆ ‘ಕಿಂಗ್ ಹಾರ್ವೆಸ್ಟ್’ನಂಥ ಹೊಸ ಹಾಡು ಬರಲಿಲ್ಲ. ರಾಬರ್ಟ್‌ಸನ್ 1987ರಲ್ಲಿ ಒಬ್ಬರೇ ರೆಕಾರ್ಡು ತಂದರು. ಬರವಣಿಗೆ ಇತ್ತು, ಆದರೆ ಆ ಜನರಿಗೆ ಜೀವ ಕೊಡುವ ಮೂರು ಸ್ವರ ಇರಲಿಲ್ಲ. ಗಂಟಲಿನ ಕ್ಯಾನ್ಸರ್ ಆದ ಹೆಲ್ಮ್ ಚಿಕಿತ್ಸೆಯ ಸಾಲ ತೀರಿಸಲು ತಮ್ಮ ಮನೆಯ ಕೊಟ್ಟಿಗೆಯಲ್ಲೇ ಕಚೇರಿ ನಡೆಸಿದರು. ಹೋದ ಸ್ವರ ಅರ್ಧ ತಿರುಗಿ ಬಂದು, 2007ರಲ್ಲಿ ‘ಡರ್ಟ್ ಫಾರ್ಮರ್’ ಎಂಬ ರೆಕಾರ್ಡು ತಂದು ಗ್ರ್ಯಾಮಿ ಪ್ರಶಸ್ತಿ ಪಡೆದರು. ಆಗ ಅವರಿಗೆ ಹಣದ ಅಗತ್ಯ ಎಷ್ಟಿತ್ತು ಎಂದು ನೋಡಿದರೆ, ಹಾಡಿನ ಕೆಳಗಿನ ಹೆಸರು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ ಎಂದು ಗೊತ್ತಾಗುತ್ತದೆ.

ಹೆಸರಿನ ಚರ್ಚೆ ನಮಗೂ ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ಪ್ರಸಂಗಗಳು ಅವನವೇ ಹೌದೋ ಎಂದು ಶಿವರಾಮ ಕಾರಂತರು ಎತ್ತಿದ ಪ್ರಶ್ನೆ ಇಲ್ಲಿನ ಮಾಷ್ಟ್ರುಗಳಿಗೆಲ್ಲ ಗೊತ್ತುಂಟು. ಆದರೆ ಅಲ್ಲಿಯೂ ವಾದ ನಡೆದದ್ದು ಬರೆದವ ಯಾರು ಎಂಬುದರ ಮೇಲೆ. ಬಾರಿಸಿದವ ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಆಮಂತ್ರಣ ಪತ್ರಗಳಲ್ಲೂ ಕೆಲವೊಮ್ಮೆ ‘ಹಿಮ್ಮೇಳದಲ್ಲಿ ಊರ ಕಲಾವಿದರು’ ಎಂದು ಒಂದೇ ಸಾಲಿನಲ್ಲಿ ಮುಗಿಸುವುದಿಲ್ಲವೇ?

ನನ್ನ ತೀರ್ಮಾನ ಇಷ್ಟು. ‘ಬರೆದವರು’ ಎಂಬಲ್ಲಿ ರಾಬರ್ಟ್‌ಸನ್ ಹೆಸರು ಇರಲಿ, ಅದು ನ್ಯಾಯ. ಅದರ ಕೆಳಗೆ ‘ಕಟ್ಟಿದವರು’ ಎಂದು ಇನ್ನೊಂದು ಸಾಲು ಇರಬೇಕಿತ್ತು, ಅದರಲ್ಲಿ ಐದು ಹೆಸರು, ಆ ಸಾಲಿಗೂ ಹಣದಲ್ಲಿ ಪಾಲು. ಅಂಥ ಸಾಲಿಗೆ ಅಲ್ಲಿನ ಕಾನೂನಿನಲ್ಲಿ ಜಾಗ ಇರಲಿಲ್ಲ. ಆದರೆ ಕಾನೂನಿಗೆ ಕಾಯದೆ ಗೆಳೆಯರೊಳಗೆ ಒಂದು ಕಾಗದ ಮಾಡಿಕೊಳ್ಳಬಹುದಿತ್ತು.

ಇದನ್ನು ಓದಿ ಹಾಡು ಕೇಳುವ ಮನಸ್ಸಾದವರು ‘ಕಿಂಗ್ ಹಾರ್ವೆಸ್ಟ್’ನಿಂದ ಸುರು ಮಾಡಿ. ಇಂಗ್ಲಿಷ್ ಮಾತು ಅರ್ಥ ಆಗದಿದ್ರೂ ತೊಂದರೆ ಇಲ್ಲ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಡ್ರಮ್ ಒಂದನ್ನೇ ಕೇಳಿ, ಮೂರನೇ ಸಲ ಬೇಸ್ ಒಂದನ್ನೇ, ನಾಲ್ಕನೇ ಸಲ ಆರ್ಗನ್. ಆಮೇಲೆ ವಾಚನಾಲಯಕ್ಕೆ ಬನ್ನಿ, ಜಗಳ ಮುಂದುವರಿಸುವ.