ಮುಚ್ಚಳ ಕೂರಬೇಕು, ಆಮೇಲೆ ಉಳಿದ ಮಾತು

ಬರ್ಟ್ರಮ್ 31 ದೋಣಿಯ ಹಿಂಭಾಗದ ತೆರೆದ ಅಂಗಳದಲ್ಲಿ ಎರಡು ದೊಡ್ಡ ಪೆಟ್ಟಿಗೆಗಳಿವೆ. ಮೇಲೆ ಮೆತ್ತೆ ಹಾಸಿದರೆ ಕೂರಲು ಜಾಗ, ಮುಚ್ಚಳ ಎತ್ತಿದರೆ ಒಂದೊಂದರಲ್ಲೂ ಒಂದೊಂದು ಎಂಜಿನ್. ಹಳೆಯ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಲು ಹೊರಟವರು ಕ್ಯಾಟಲಾಗ್ ಬಿಡಿಸುವ ಮೊದಲು ಟೇಪು ಹಿಡಿದು ಈ ಪೆಟ್ಟಿಗೆಯ ಒಳಗೆ ಇಳಿಯಬೇಕು.

1960ರಲ್ಲಿ ಮಯಾಮಿಯಿಂದ ನಸಾವ್‌ಗೆ ನಡೆದ ಪಂದ್ಯದಲ್ಲಿ ರಿಚರ್ಡ್ ಬರ್ಟ್ರಮ್ ತನ್ನ ‘ಮಾಪಿ’ಯನ್ನು ಎಂಟು ಗಂಟೆಯಲ್ಲಿ ಗುರಿ ಮುಟ್ಟಿಸಿದ. ಮಾಪಿ ಅವನ ಹೆಂಡತಿಯ ಅಡ್ಡಹೆಸರು. ಒರಟು ಸಮುದ್ರದಲ್ಲಿ ಅದನ್ನು ಗೆಲ್ಲಿಸಿದ್ದು ರೇ ಹಂಟ್ ರೂಪಿಸಿದ ಆಳದ ‘ವಿ’ ತಳ. ಹಿಂತುದಿಯಲ್ಲೂ 24 ಡಿಗ್ರಿ ಓರೆ. ಆ ದೋಣಿಯಿಂದಲೇ ಫೈಬರ್‌ಗ್ಲಾಸಿನ 31 ಹುಟ್ಟಿತು. ತಳ ಇವತ್ತಿಗೂ ಗಟ್ಟಿ. ಮುಪ್ಪಾಗಿದ್ದು ಎಂಜಿನ್ ಮಾತ್ರ.

ಪೆಟ್ರೋಲಿನ ತಂಟೆ ಬೇರೆ. ಅದರ ಆವಿ ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ಮಡುಗಟ್ಟುತ್ತದೆ. ಹಾಗಾಗಿ ಕೀಲಿ ತಿರುವುವ ಮುನ್ನ ಕೆಲವು ನಿಮಿಷ ಬ್ಲೋವರ್ ಓಡಿಸಬೇಕು, ಮುಚ್ಚಳ ಎತ್ತಿ ಮೂಸಿ ನೋಡಬೇಕು. ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ.

ಯಾವ ಡೀಸೆಲ್? ಕಮ್ಮಿನ್ಸ್‌ನ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ನಿಗೆ ಅಭಿಮಾನಿಗಳು ಬಹಳ. ಇದರ ನೆಲದ ಮೇಲಿನ ದಾಯಾದಿಯನ್ನು ಟಾಟಾ ಲಾರಿಯವರೂ ಬಲ್ಲರು. ಹಳೆಯ ಮಾದರಿಯಲ್ಲಿ ಕಂಪ್ಯೂಟರಿನ ಗೊಡವೆಯಿಲ್ಲ, ಇಂಧನ ಪಂಪೇ ಎಲ್ಲ ನೋಡಿಕೊಳ್ಳುತ್ತದೆ. ಆದರೆ ತೂಕ ಅರ್ಧ ಟನ್ನಿನ ಮೇಲೆ, ಎತ್ತರವೂ ಜಾಸ್ತಿ. ಯಾನ್ಮಾರ್‌ನ 6ಎಲ್‌ಪಿಎ ಇನ್ನೊಂದು ಜಾತಿ: ಟೊಯೊಟಾ ಲ್ಯಾಂಡ್ ಕ್ರೂಸರಿನ 4.2 ಲೀಟರ್ ಎಂಜಿನ್ನೇ ಅದರ ಮೂಲ, ನಿಮಿಷಕ್ಕೆ 3,800 ಸುತ್ತಿನಲ್ಲಿ 315 ಅಶ್ವಶಕ್ತಿ. ಅದೇ ಕಂಪನಿಯ ನಾಲ್ಕು ಸಿಲಿಂಡರಿನ 4ಎಲ್‌ಎಚ್‌ಎ 240ಕ್ಕೆ ನಿಲ್ಲುತ್ತದೆ, ಇನ್ನೂ ಹಗುರ. ಈ ಅಂಕಣದ ಒಲವು ಇದರ ಕಡೆಗೇ. 315ರ ಜೋಡಿ ಹಾಕಿಸಿದವರು ಅದನ್ನು ಜೆಟ್ಟಿಯ ಮೇಲೆ ಹೇಳಿಕೊಳ್ಳುವಷ್ಟು ನೀರಿನಲ್ಲಿ ಬಳಸುವುದಿಲ್ಲ. ಅಲೆ ಎದ್ದಾಗ ವೇಗ ನಿರ್ಧರಿಸುವುದು ಬೆನ್ನುಮೂಳೆ.

ಕೊಂಡಾದ ಮೇಲೂ ಎಡವಲು ಜಾಗ ಉಂಟು. ಟ್ಯಾಂಕು ತುಂಬಿಸಿ, ಜನ ಕೂರಿಸಿ ಥ್ರಾಟಲ್ ಪೂರ್ತಿ ಒತ್ತಿದಾಗ ಎಂಜಿನ್ ತನಗೆ ಗೊತ್ತುಮಾಡಿದ ಸುತ್ತು ಮುಟ್ಟಲೇಬೇಕು. ಮುಟ್ಟದಿದ್ದರೆ ಪ್ರೊಪೆಲ್ಲರ್ ಭಾರವಾಗಿದೆ ಎಂದರ್ಥ. ಹಿಂಬದಿಯ ಬಿಳಿ ಬಣ್ಣದ ಮೇಲೆ ಕೂರುವ ಮಸಿಯೂ ಆ ಚಾಡಿ ಹೇಳುತ್ತದೆ.

ಇನ್ನು ಹೊಗೆ ಕೊಳವೆ. ಅದು ಎಂಜಿನ್ನಿನಿಂದ ಹೊರಟು ನೀರಿನ ಮಟ್ಟಕ್ಕಿಂತ ಮೇಲೇರಿ ಆಮೇಲೆ ಇಳಿಯಬೇಕು, ಇಲ್ಲವಾದರೆ ಸಮುದ್ರ ವಾಪಸು ಸಿಲಿಂಡರಿಗೇ ನುಗ್ಗುತ್ತದೆ. ಮುಚ್ಚಳ ಕೂರಲಿ ಎಂದು ಎಂಜಿನ್ ತಗ್ಗಿಸಿದರೆ ಕೊಳವೆಯೂ ತಗ್ಗುತ್ತದೆ. ಕೊಳವೆಗಾಗಿ ಪೆಟ್ಟಿಗೆ ಎತ್ತರಿಸಿದರೆ ಮೇಲೆ ಕೂತವರ ಕಾಲು ನೆಲಕ್ಕೆ ತಾಗುವುದಿಲ್ಲ. ಜಾಣರು ಎಂಜಿನ್ನಿನ ಅಳತೆಗೆ ಪ್ಲೈವುಡ್ಡಿನ ಬೊಂಬೆಯೊಂದನ್ನು ಮಾಡಿಸಿ, ಒಳಗಿಳಿಸಿ, ಮುಚ್ಚಳ ಹಾಕಿ ನೋಡುತ್ತಾರೆ. ಮುಂಗಡ ಹಣ ಕೊಡುವುದು ಅದಾದ ಮೇಲೆ.