ಮಾಳಿಗೆಯ ಪದಕ್ಕೆ ಸಬ್‌ವೂಫರ್ ಯಾಕೆ?

ಮಳೆಗಾಲದಲ್ಲಿ ಹೆಬ್ಬೆ ಕಡೆಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಹಾಡು ಕೇಳುವುದೆಂದರೆ ಸಂತೆಯಲ್ಲಿ ಗುಟ್ಟು ಹೇಳಿದ ಹಾಗೆ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆಯ ನೀರಿನ ಸದ್ದು ಇಲ್ಲಿಯವರೆಗೆ ಬಾರದಿದ್ದರೂ ಹೆಂಚಿನ ಮೇಲಿನ ಮಳೆಯೇ ಸಾಕು. ಕಳೆದ ಆಷಾಢದಲ್ಲಿ ತರೀಕೆರೆಯಿಂದ ಒಂದು 2.1 ಸ್ಪೀಕರ್ ಸೆಟ್ ತಂದೆ. ಎರಡು ಪುಟ್ಟ ಸ್ಪೀಕರು, ಒಂದು ಸಬ್‌ವೂಫರ್. ಅಪ್ಪನ ಟೇಪ್‌ರೆಕಾರ್ಡರ್ ಕೆಟ್ಟು ವರ್ಷಗಳಾಗಿದ್ದವು. ಅವರಿಗೆ ಬೇಕಾದದ್ದು ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳು.

ಜೋಡಿಸುವುದು ಕಷ್ಟವೇನಲ್ಲ. ಆಂಪ್ಲಿಫೈಯರ್ ಇರುವುದು ಸಬ್‌ವೂಫರಿನ ಡಬ್ಬಿಯೊಳಗೇ. ಪುಟ್ಟ ಸ್ಪೀಕರುಗಳ ತಂತಿ ಅದರ ಬೆನ್ನಿಗೆ, ಅಲ್ಲಿಂದ 3.5 ಮಿಲಿಮೀಟರಿನ ಪಿನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ. ಒಳಗಿನ ಕ್ರಾಸ್‌ಓವರ್ ತಗ್ಗು ದನಿಯನ್ನು ದೊಡ್ಡ ಡಬ್ಬಿಗೂ ಉಳಿದದ್ದನ್ನು ಚಿಕ್ಕವಕ್ಕೂ ಹಂಚುತ್ತದೆ. ಚಾರ್ಜರ್ ಸಿಕ್ಕಿಸಿದಾಗ ‘ಹುಂ’ ಎಂಬ ಗುನುಗು, ತೆಗೆದರೆ ಮೌನ. ಅರ್ಥಿಂಗಿನ ತಕರಾರು. ಬ್ಯಾಟರಿಯಲ್ಲೇ ಓಡಿಸಿದೆ. ನಮ್ಮಲ್ಲಿ ಕರೆಂಟು ಇರುವುದೂ ಅಷ್ಟರಲ್ಲೇ.

ಸೋರುವ ಮಾಳಿಗೆಯ ಪದ ಹಾಕಿದೆ. ಲ್ಯಾಪ್‌ಟಾಪಿನ ತೆಳ್ಳನೆ ಸ್ಪೀಕರಿನಲ್ಲಿ ಇಲ್ಲವೇ ಇಲ್ಲವೆಂಬಂತಿದ್ದ ತಾಳವಾದ್ಯದ ಗುಮ್ಮುಗುಡುವಿಕೆ ನೆಲದ ಮೂಲಕ ಕಾಲಿಗೆ ಬಂತು. ನನಗೆ ಖುಷಿಯೋ ಖುಷಿ. ಅಪ್ಪ ಮುಖ ಸಿಂಡರಿಸಿದರು: ‘ಗುದ್ದಿದಂಗೆ ಕೇಳ್ತದೆ. ಮಾತೇ ಇಲ್ವಲ್ಲೋ.’

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಾಂಕಗಳನ್ನು. ಸ್ವರಗಳ ತೂಕ ಕೆಳಗಿದೆ. ಸ, ಟ, ತ, ಕಗಳ ಅಂಚು ಇರುವುದು ಮೇಲೆ. ಹೀಗಾಗಿ ಮುದುಕರಿಗೆ ಹಾಡಿನ ರಾಗ ಕೇಳುತ್ತದೆ, ಪದ ತಪ್ಪುತ್ತದೆ. ತಗ್ಗು ದನಿ ಜೋರಾದರೆ ಉಳಿದ ಅಲ್ಪಸ್ವಲ್ಪ ವ್ಯಂಜನವೂ ಅದರಡಿ ಮುಳುಗುತ್ತದೆ. ನಾನು ಅಪ್ಪನಿಗೆಂದು ತಂದದ್ದು ಅವರಿಗೆ ಬೇಡದ ಅರ್ಧವನ್ನು.

ಅವರು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿದೆ: ‘ಹತ್ತಲಾರೆ ಅಂತಾನಲ್ಲ, ಏಣಿ ಇಲ್ವೇನು?’ ಪದದಲ್ಲಿರುವುದು ‘ಹತ್ತು’ ಅಲ್ಲ, ‘ಮೆಟ್ಟು’. ಇಡೀ ರೂಪಕ ನಿಂತಿರುವುದು ಆ ‘ಟ್ಟ’ದ ಮೇಲೆ. ಶರೀಫರ (1819–1889) ಊರು ಇಂದಿನ ಹಾವೇರಿ ಜಿಲ್ಲೆಯಲ್ಲಿದೆ. ಆ ಸೀಮೆಯ ಮಾಳಿಗೆ ಮಟ್ಟಸವಾದ ಮಣ್ಣಿನ ಚಾವಣಿ. ಸೋರಿದರೆ ಮೇಲೆ ಹೋಗಿ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಬೇಕು. ಕತ್ತಲಲ್ಲಿ ಅದು ಆಗದು ಎನ್ನುವುದು ಮೈಯ ಕೆಲಸದ ಮಾತು. ಅಧ್ಯಾತ್ಮ ಅದರ ಬೆನ್ನಿಗೆ ಬರುತ್ತದೆ. ಮಲೆನಾಡಿನ ನಾವೋ ಇಳಿಜಾರು ಹೆಂಚಿನ ಕೆಳಗೆ ಬದುಕುವವರು. ನಮಗೆ ಸೋರಿಕೆ ಎಂದರೆ ಜರುಗಿದ ಒಂದು ಹೆಂಚು. ಏಣಿ ಹತ್ತಿ ಸರಿಸಿದರೆ ಮುಗಿಯಿತು. ಅಪ್ಪನ ತಪ್ಪು ಕಿವಿಯದು ಮಾತ್ರವಲ್ಲ, ಊರಿನದೂ ಹೌದು. ತರಗತಿಗಳಲ್ಲಿ ಈ ಪದವನ್ನು ‘ಮನೆಯೆಂದರೆ ದೇಹ’ ಎಂದು ಒಂದೇ ಏಟಿಗೆ ಬಿಡಿಸುವ ನಮ್ಮ ತಪ್ಪು ಇದಕ್ಕಿಂತ ದೊಡ್ಡದು. ನಾವು ಮಾಳಿಗೆಯನ್ನೇ ನೋಡುವುದಿಲ್ಲ.

ಅಶ್ವತ್ಥ್ ತತ್ವಪದವನ್ನು ನಾಟಕ ಮಾಡಿದರು ಎಂಬ ದೂರು ಹಳೆಯದು. ಏಕತಾರಿ, ದಮ್ಮಡಿ, ತಾಳದ ಭಜನೆಯ ಗುಂಪಿನಲ್ಲಿ ಹಾಡುವವನು ತನಗೇ ಹಾಡಿಕೊಳ್ಳುತ್ತಾನೆ. ಅಶ್ವತ್ಥ್ ಊರಿಗೆ ಕೇಳುವಂತೆ ಕೂಗುತ್ತಾರೆ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ (1990) ಆ ಕೂಗನ್ನು ಇನ್ನಷ್ಟು ದೂರ ಒಯ್ದಿತು. ದೂರಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ತರೀಕೆರೆ ಸೀಮೆಯವರೇ ಆದ ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’ ಬರೆದದ್ದು ಊರೂರು ಅಲೆದು. ಅದನ್ನು ಓದಿದ ಮೇಲೆ ಕ್ಯಾಸೆಟ್ಟಿನ ಶರೀಫರು ಒಬ್ಬಂಟಿ ತಾರೆಯಂತೆ ಕಾಣುವುದು ನಿಜ. ಆದರೆ ಅಪ್ಪನ ಪಕ್ಕ ಕೂತು ಕೇಳಿದಾಗ ಬೇರೆಯೇ ಒಂದು ಗುಣ ಸಿಕ್ಕಿತು. ಅಶ್ವತ್ಥ್ ಎಷ್ಟೇ ಅಬ್ಬರಿಸಲಿ, ಒತ್ತಕ್ಷರವನ್ನು ನುಂಗುವುದಿಲ್ಲ. ಆ ಕೂಗಿನಲ್ಲಿ ವ್ಯಂಜನ ಕಲ್ಲಿನ ಹಾಗೆ ಬಂದು ಬೀಳುತ್ತದೆ. ಅದನ್ನು ಮುಚ್ಚಿದ್ದು ನನ್ನ ಡಬ್ಬಿ.

ಸಬ್‌ವೂಫರನ್ನು ಗೋಡೆಯ ಮೂಲೆಯಿಂದ ಈಚೆಗೆ ಎಳೆದೆ; ಮೂಲೆಯಲ್ಲಿದ್ದರೆ ಗುಮ್ಮು ಇನ್ನೂ ಹೆಚ್ಚು. ಬೇಸ್ ತಿರುಪನ್ನು ಕಾಲು ಭಾಗಕ್ಕೆ ಇಳಿಸಿ, ಟ್ರೆಬಲ್ ಏರಿಸಿ, ಪುಟ್ಟ ಸ್ಪೀಕರುಗಳೆರಡನ್ನೂ ಅಪ್ಪನ ಕುರ್ಚಿಯ ಕಡೆ ಕಿವಿಯ ಎತ್ತರಕ್ಕೆ ಇಟ್ಟೆ. ನನ್ನ ಕಿವಿಗೆ ಈಗ ಹಾಡು ಸ್ವಲ್ಪ ಚುಚ್ಚುತ್ತದೆ. ಅಪ್ಪ ಎರಡನೇ ಸಲ, ಮೂರನೇ ಸಲ ಹಾಕಿಸಿದರು. ಮೂರನೆಯದರ ನಡುವೆ ಅಡುಗೆಮನೆಯ ಕಡೆ ಹೆಂಚೊಂದು ಜರುಗಿ ಹನಿ ಬೀಳತೊಡಗಿತು; ನಾನು ಬಕೆಟ್ ಇಡಲು ಎದ್ದೆ.

ಅವರು ಈಗಲೂ ಗುನುಗುವುದು ‘ಹತ್ತಲಾರೆ’ ಅಂತಲೇ. ನಾನು ತಿದ್ದಲು ಹೋಗಿಲ್ಲ.